ಉಡಿಯೊಳಗಿನ ಕಾಯಿ

ನನ್ನ ನಾಲಿಗೆ ಕಹಿ ಎಂಬುದು ನಮ್ಮ ಮನೆತನಕ್ಕೆಲ್ಲ ಗೊತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಕಲಿಸಿ ಹಾಗಾಗಿದೆ ಎಂದು ಅಕ್ಕ ಹೇಳುತ್ತಾಳೆ. ಇರಲಿ. ಆ ದಿನ ಕೆಲಗೇರಿಯ ಅಕ್ಕನ ಮನೆಯ ಮುಂದೆ ನಾನು ಜಗಳಕ್ಕೆ ನಿಂತದ್ದು ಐದು ತಿಂಗಳ ಒಂದು ಕೂಸಿನ ಸಲುವಾಗಿ.

ಅಕ್ಕನ ಮಗಳು ಬಾಣಂತನ ಮುಗಿಸಿ ಹುಬ್ಬಳ್ಳಿಯ ಗಂಡನ ಮನೆಗೆ ಹೊರಟಿದ್ದಳು. ಗಂಡ ಕರೆದೊಯ್ಯಲು ತನ್ನ ಹಳೆಯ ಕಾರು ತಂದಿದ್ದ. ಅಕ್ಕ ಮಗಳ ಉಡಿ ತುಂಬಿದಳು. ಸೆರಗಿನಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಎಲ್ಲದರ ಮೇಲೊಂದು ತೆಂಗಿನಕಾಯಿ. ತವರಿನಲ್ಲಿ ತುಂಬಿದ ಉಡಿಯನ್ನು ಗಂಡನ ಮನೆಯ ದೇವರ ಮುಂದೆಯೇ ಇಳಿಸಬೇಕು, ಅಲ್ಲಿಯವರೆಗೆ ಕೈ ಬಿಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಕೂಸೂ ಅದೇ ಉಡಿಯಲ್ಲಿ ಕೂತು, ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕದಲ್ಲಿ ಹೋಗಬೇಕಂತೆ. ಅಕ್ಕ ಹಾಗೇ ಹೋಗಿದ್ದಳು, ನಮ್ಮವ್ವನೂ ಹಾಗೇ ಹೋಗಿದ್ದಳು. ಅವ್ವ ಹೋದದ್ದು ಎತ್ತಿನ ಚಕ್ಕಡಿಯಲ್ಲಿ ಎಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ನಾನು ಕೂಸಿಗೆಂದೇ ಒಂದು ಸೀಟು ತಂದು ಕಾರಿನ ಹಿಂಬದಿಗೆ ಬೆಲ್ಟಿನಿಂದ ಬಿಗಿದಿಟ್ಟಿದ್ದೆ. ಹೆತ್ತವಳ ಮಡಿಲಿರುವಾಗ ಈ ಪ್ಲಾಸ್ಟಿಕ್ ಬುಟ್ಟಿ ಏತಕ್ಕೆಂದು ಅಕ್ಕ ಮುಖ ಗಂಟಿಕ್ಕಿದಳು. ನಾನು ಅಲ್ಲೇ ಪಾಠ ಶುರುಮಾಡಿದೆ. ಬ್ರೇಕು ನಿಲ್ಲಿಸುವುದು ಗಾಡಿಯನ್ನು. ಒಳಗಿರುವುದು ಮಾತ್ರ ಏನಾದರೂ ಅಡ್ಡ ಬರುವ ತನಕ ಅದೇ ವೇಗದಲ್ಲಿ ಮುಂದೆ ಹೋಗುತ್ತಲೇ ಇರುತ್ತದೆ. ತೂಕಕ್ಕೆ ವೇಗವನ್ನು ಗುಣಿಸಿದರೆ ಸಂವೇಗ. ಆರು ಕಿಲೋದ ಕೂಸಿನ ಸಂವೇಗವನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸೊನ್ನೆಗೆ ತರಲು ಒಂದು ಜೋಳದ ಚೀಲ ಎತ್ತುವಷ್ಟು ಬಲ ಬೇಕು, ನಿನ್ನ ಮಗಳು ಚೀಲ ಎತ್ತುತ್ತಾಳೇನು ಎಂದು ಕೇಳಿದೆ.

“ಹೊಂಡೂ ಹೊತ್ತಿನ್ಯಾಗ ಅಪಶಕುನ ನುಡೀಬ್ಯಾಡ,” ಎಂದಳು ಅಕ್ಕ. “ಹೆತ್ತಾಕಿ ಕೈ ಅದು. ಬಿಟ್ಟೀತೇನು?”

ಬಿಡುತ್ತದೆ ಎಂದೆ. ಕೂಸನ್ನು ಇಸಿದುಕೊಂಡು ನಾನೇ ಹಿಂದಿನ ಸೀಟಿಗೆ ಕಟ್ಟಿದೆ. ಅಕ್ಕ ಕಣ್ಣೊರೆಸಿಕೊಂಡಳು. ಅವಳ ಮಗಳು ಬೆಲ್ಟು ಹಾಕಿಕೊಂಡು, ಉಡಿಯನ್ನು ಅಪ್ಪಿಕೊಂಡು ಮುಂದೆ ಕೂತಳು. ಅವರನ್ನು ಮುಟ್ಟಿಸಿ ಬರಲೆಂದು ಕೂಸಿನ ಆಚೆ ಅಕ್ಕ, ಈಚೆ ನಾನು ಬೆಲ್ಟು ಬಿಗಿದು ಕೂತೆವು. ಈ ಜಗಳದಲ್ಲಿ ಹೊತ್ತು ಸರಿದುಹೋಗಿತ್ತು. ರಾಹುಕಾಲ ಹತ್ತುವುದರೊಳಗೆ ಹುಬ್ಬಳ್ಳಿಯ ಮನೆಯ ಹೊಸ್ತಿಲು ದಾಟಬೇಕೆಂದು ಅಕ್ಕನ ಮಗಳ ಅತ್ತೆ ಫೋನಿನ ಮೇಲೆ ಫೋನು ಮಾಡುತ್ತಿದ್ದರು.

ಅಳಿಯ ಕಾರನ್ನು ಓಡಿಸಲಿಲ್ಲ, ಹಾರಿಸಿದ. ಊರು ದಾಟುತ್ತಲೇ ವೇಗದ ಮುಳ್ಳು ಎಂಬತ್ತು ಮುಟ್ಟಿತು. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ಈಗ ಮುಂದಿದ್ದ ಲಾರಿಯ ಬೆನ್ನು ನೋಡುತ್ತ, ಇದ್ದ ಅಂತರವನ್ನು ಕಣ್ಣಲ್ಲೇ ಅಳೆಯುತ್ತ ಕೂತೆ. ನಿಧಾನ ಹೊಡೀರಿ ಎಂದು ಎರಡು ಸಲ ಹೇಳಿದೆ. ಹೂಂ ಎಂದ, ಮುಳ್ಳು ಕೆಳಗಿಳಿಯಲಿಲ್ಲ. ಅಷ್ಟರಲ್ಲಿ ಕೂಸು ಅಳಲು ಹಿಡಿಯಿತು. ಸುಮ್ಮನೆ ಅಳುವಲ್ಲ, ಉಸಿರು ಕಟ್ಟಿ ಕೆಂಪಗಾಗುವ ಅಳು.

“ಚಿಗವ್ವಾ, ಕೂಸಿನ್ನ ಇಲ್ಲಿ ಕೊಡು,” ಎಂದಳು ಮುಂದೆ ಕೂತವಳು. “ಕೇಳಾಕ ಆಗವಲ್ದು.”

ಅಕ್ಕ ನನ್ನನ್ನೇ ದಿಟ್ಟಿಸುತ್ತಿದ್ದಳು. ಎಲ್ಲರನ್ನೂ ಅಳಿಸಿ ಇದೇನು ಹಟ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಖರೇ ಹೇಳುತ್ತೇನೆ, ಕೂಸಿನ ಬೆಲ್ಟಿನ ಗುಂಡಿಯ ಮೇಲೆ ನನ್ನ ಹೆಬ್ಬೆರಳು ಹೋಗಿತ್ತು. ಲಾರಿ ಇನ್ನೂ ಹತ್ತಿರವಾದದ್ದು ಕಂಡು ಕೈ ಹಿಂದೆ ತೆಗೆದುಕೊಂಡೆ. ಹುಬ್ಬಳ್ಳಿ ಬಂದ ಮೇಲೆ ಕೊಡುತ್ತೇನೆ ಎಂದೆ.

ತಾರಿಹಾಳದ ಹತ್ತಿರ ಆ ಲಾರಿ ಒಮ್ಮೆಲೇ ನಿಂತಿತು.

ಅಳಿಯ ಬ್ರೇಕಿನ ಮೇಲೆ ಎದ್ದೇ ನಿಂತ. ಟೈರು ಕಿರುಚಿದವು. ಬಹಳಷ್ಟು ವೇಗವನ್ನು ರಸ್ತೆಯೇ ತಿಂದಿತು, ಉಳಿದುದಕ್ಕೆ ಲಾರಿ ಅಡ್ಡ ಬಂತು. ಬಾನೆಟ್ಟು ರಟ್ಟಿನ ಹಾಗೆ ಮಡಚಿಕೊಂಡಿತು. ಬೆಲ್ಟು ನನ್ನ ಎದೆಯನ್ನು ಹಿಂಡಿ ಬಿಟ್ಟಿತು. ಆಮೇಲೆ ಯಾವ ಸದ್ದೂ ಇಲ್ಲ. ಕೂಸಿನ ಅಳುವೂ ಇಲ್ಲ.

ಅದರ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ. ಪಾಠ, ಲೆಕ್ಕ ಎಲ್ಲ ಮರೆತು ಶಿವ ಶಿವಾ ಎನ್ನುತ್ತಿದ್ದೆ. ಅಷ್ಟರಲ್ಲಿ ಕೂಸು ಉಸಿರೆಳೆದುಕೊಂಡು ಮತ್ತೆ ಚೀರಿತು. ಕಟ್ಟಿದ ಜಾಗದಲ್ಲೇ ಇತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ಅಕ್ಕನಿಗೂ ನನಗೂ ಏನೂ ಆಗಿರಲಿಲ್ಲ. ಅಳಿಯ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತಿದ್ದ.

ಆಮೇಲೆ ಮುಂದಿನ ಗಾಜು ಕಂಡಿತು. ಅಕ್ಕನ ಮಗಳ ಎದುರಿಗೆ ಸರಿಯಾಗಿ ಅದು ಒಡೆದು ಜೇಡರ ಬಲೆಯಾಗಿತ್ತು. ಅದರ ಕೆಳಗೆ ತೆಂಗಿನಕಾಯಿ ಎರಡು ಹೋಳಾಗಿ ಬಿದ್ದು, ನೀರು ತೊಟ್ಟಿಕ್ಕುತ್ತಿತ್ತು. ಕಾರಿನ ತುಂಬ ಅಕ್ಕಿ. ಅರ್ಧ ಕಿಲೋದ ಕಾಯಿ ಅದು. ಕೂಸು ಅದರ ಹನ್ನೆರಡು ಪಟ್ಟು ತೂಕ.

ಅಕ್ಕ ಒಮ್ಮೆ ಗಾಜನ್ನು ನೋಡಿದಳು, ಒಮ್ಮೆ ಕೂಸನ್ನು ನೋಡಿದಳು. ಮುಂದಿನ ಸೀಟಿನಲ್ಲಿ ಅವಳ ಮಗಳು ಎರಡೂ ತೋಳುಗಳಿಂದ ಬರಿದಾದ ಸೆರಗನ್ನು ಇನ್ನೂ ಅಪ್ಪಿಕೊಂಡೇ ಕೂತಿದ್ದಳು.

“ಅವ್ವಾ, ನಾ ಬಿಟ್ಟಿದ್ದಿಲ್ಲ,” ಎಂದಳು. “ಎರಡೂ ಕೈಲೆ ಗಟ್ಟಿ ಹಿಡಕೊಂಡಿದ್ದೆ.”