ಎಡಗೈಗೆ ಎಳೆದ ಗೆರೆಗಳು

ನನ್ನ ಬಲಗೈ ನಿಂತುಹೋದದ್ದು ಸಿರುಗುಪ್ಪದ ನಮ್ಮ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ, ಒಂಬತ್ತನೇ ತರಗತಿಯ ಕನ್ನಡ ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ. ಕೆಂಪು ಪೆನ್ನು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಪಕ್ಕದಲ್ಲಿದ್ದ ಗಣಿತದ ಮೇಡಂಗೆ ಹೇಳೋಣವೆಂದರೆ ನಾಲಿಗೆ ದಪ್ಪವಾಗಿತ್ತು. ಅವರು ನನ್ನ ಬಾಯಿ ಒಂದು ಕಡೆ ಜೋಲುವುದನ್ನು ಕಂಡವರೇ ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸಿದರು. ಆಗ ನನಗೆ ನಲವತ್ತೊಂಬತ್ತು.

ಮೂರು ವಾರದಲ್ಲಿ ಮಾತು ಬಹುಪಾಲು ತಿರುಗಿ ಬಂತು. ಕಾಲು ಎಳೆದುಕೊಂಡಾದರೂ ನಡೆಯತೊಡಗಿತು. ಕೈ ಮಾತ್ರ ಮಡಿಲಲ್ಲಿ ಬೇರೆಯವರ ಕೈಯಂತೆ ಬಿದ್ದುಕೊಂಡಿತ್ತು. ನನ್ನ ಯಜಮಾನರಿಗೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಹಾಗಾಗಿ ಬಳ್ಳಾರಿಯ ಗಾಂಧಿನಗರದಲ್ಲಿರುವ ತಂಗಿಯ ಮನೆಯಲ್ಲಿ ಉಳಿದೆ. ತಂಗಿ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಹತ್ತಕ್ಕೆ ಹೋದರೆ ಸಂಜೆ ಆರಕ್ಕೆ ಬರುವುದು. ಅಷ್ಟು ಹೊತ್ತು ನಾನು, ನನ್ನ ಕೈ, ಎದುರಿನ ಗೋಡೆ.

ಡಾಕ್ಟರು ಒಳ್ಳೆಯವರು. ಬಲಗೈ ಇನ್ನು ಅಕ್ಷರ ಬರೆಯುವಷ್ಟು ಸುಧಾರಿಸುವುದು ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಸಮಾಧಾನಕ್ಕೆಂದು, ಈಗ ಬರೆಯುವವರು ಯಾರಿದ್ದಾರೆ, ಫೋನಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದರು. ಇಪ್ಪತ್ತಾರು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಬದುಕಿದವಳಿಗೆ ಹೇಳುವ ಮಾತೇ ಅದು? ಆದರೂ ಮನೆಗೆ ಬಂದು ಫೋನಿಗೆ ಹೇಳಿ ನೋಡಿದೆ. ನನ್ನ ತೊದಲು ಮಾತಿಗೆ ಅದು ಬರೆದುಕೊಟ್ಟದ್ದನ್ನು ಓದಿ ಅವತ್ತು ಮೊದಲ ಸಲ ಅತ್ತೆ.

ಒಂದು ಭಾನುವಾರ ನಮ್ಮ ಮುಖ್ಯೋಪಾಧ್ಯಾಯರು ಮೋಸಂಬಿ ಹಿಡಿದುಕೊಂಡು ನೋಡಲು ಬಂದರು. ಸಿರುಗುಪ್ಪದಿಂದ ಬಸ್ಸು ಹಿಡಿದು ಬಂದದ್ದು ದೊಡ್ಡದೇ. ಚಹಾ ಕುಡಿದರು, ಶಾಲೆಯ ಸುದ್ದಿ ಹೇಳಿದರು, ಆಮೇಲೆ ಚೀಲದಿಂದ ಟೈಪು ಮಾಡಿದ ಒಂದು ಹಾಳೆ ತೆಗೆದರು. ನನಗೆ ಬೋರ್ಡಿನ ಮೇಲೆ ಬರೆಯಲು ಸಾಧ್ಯವಿಲ್ಲದ ಕಾರಣ ಪಾಠದ ಹೊಣೆಯಿಂದ ಬಿಡಿಸಿ ಗ್ರಂಥಾಲಯ ನೋಡಿಕೊಳ್ಳಲು ಹಾಕಬೇಕೆಂದು ನಾನೇ ಬೇಡಿಕೊಂಡಂತೆ ಅದರಲ್ಲಿ ಬರೆದಿತ್ತು. ಹತ್ತನೇ ತರಗತಿಗೆ ಇಲಾಖೆಯಿಂದ ಬೇರೆ ಶಿಕ್ಷಕರನ್ನು ಕೇಳಬೇಕೆಂದರೆ ಇಂಥದ್ದೊಂದು ಪತ್ರ ಬೇಕು, ನಿಮಗೂ ಆರಾಮ ಎಂದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹಾಳೆಯ ಹಿಂದೆಯೇ ಜೇಬಿನಿಂದ ಸಣ್ಣದೊಂದು ಶಾಯಿ ಪ್ಯಾಡು ತೆಗೆದು ಟೀಪಾಯಿ ಮೇಲಿಟ್ಟರು.

“ಸಹಿ ಆಗಂಗಿಲ್ಲಲ್ಲ ಮೇಡಂ, ಎಡಗೈ ಹೆಬ್ಬೆಟ್ಟು ಒತ್ತಿದ್ರೂ ನಡೀತೈತಿ.”

ಹೆಬ್ಬೆಟ್ಟು ಒತ್ತುವವರು ಕೀಳು ಎಂದು ನಾನೆಂದೂ ತಿಳಿದವಳಲ್ಲ. ನನ್ನ ಅಜ್ಜಿ ಸಾಯುವವರೆಗೂ ಹೆಬ್ಬೆಟ್ಟೇ ಒತ್ತಿದ್ದು. ಆದರೆ ಅಕ್ಷರ ಬಲ್ಲವಳ ಮುಂದೆ ತಂದಿಟ್ಟ ಆ ಪ್ಯಾಡನ್ನು ಎಡಗೈಯಿಂದ ಅವರ ಕಡೆಗೇ ಸರಿಸಿದೆ. ನಾನು ನಿಧಾನಕ್ಕೆ, ಒಂದೊಂದೇ ಶಬ್ದ ಜೋಡಿಸಿ ಹೇಳಿದೆ.

“ಸಹಿ ಮಾಡೋದು ಕಲೀತೀನಿ ಸರ್. ಕಲ್ತ ಮ್ಯಾಲೂ ಇದಕ್ಕ ಮಾಡಂಗಿಲ್ಲ.”

ಅವರು ಹಾಳೆ ಮಡಚಿಕೊಂಡು ಹೋದರು. ತಂಗಿಗೆ ನನ್ನ ಮೇಲೆ ಸಿಟ್ಟು ಬಂತು. ಪಗಾರ ನಿಲ್ಲುವುದಿಲ್ಲ, ಕೂತು ಮಾಡುವ ಕೆಲಸ, ಮನೆಗೆ ಬಂದು ಕೊಡುತ್ತಿದ್ದಾರೆ, ಇವಳಿಗೇನು ಬಂದಿದೆ ಎಂದು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹೇಳಿದಳು.

ಮರುದಿನ ಅವಳು ತಂದಿಟ್ಟ ಕಾಪಿ ಪುಸ್ತಕದಲ್ಲಿ ಎಡಗೈಯಿಂದ ಬರೆಯಲು ಕೂತೆ. ‘ಅ’ ಬರೆಯಹೋದರೆ ಹೊಟ್ಟೆ ಗೆರೆಯಿಂದ ಆಚೆ ಹೋಯಿತು. ‘ಲ’ ತಿರುಗಬೇಕಾದ ಕಡೆ ತಿರುಗಲಿಲ್ಲ. ಪುಸ್ತಕದ ಹೊಲಿಗೆಯ ಕಡೆ ಉಬ್ಬಿದ್ದರಿಂದ ಎಡಗೈ ಊರಲು ಜಾಗವೇ ಇಲ್ಲ. ನಾಲ್ಕು ಗೆರೆಯ ಪುಸ್ತಕ ತರಿಸಿದೆ, ಅದು ಇಂಗ್ಲಿಷ್ ಅಕ್ಷರಕ್ಕೆ ಎಳೆದದ್ದು. ಸಾದಾ ಗೆರೆಯ ಪುಸ್ತಕದಲ್ಲಿ ಗೆರೆಗೂ ಗೆರೆಗೂ ನಡುವೆ ನನ್ನ ಕಿರುಬೆರಳೂ ಹಿಡಿಸುವುದಿಲ್ಲ. ಇಷ್ಟು ವರ್ಷ ಮಕ್ಕಳಿಗೆ ‘ಗೆರೆ ದಾಟಬೇಡಿ’ ಎಂದು ಗದರಿಸಿದವಳಿಗೆ ಅವತ್ತು ಒಂದು ಸಂಗತಿ ಹೊಳೆಯಿತು. ನಮ್ಮ ಒತ್ತಕ್ಷರ ಗೆರೆಯ ಕೆಳಗೇ ಕೂರುವುದು. ಅದಕ್ಕೆ ಯಾವ ಪುಸ್ತಕವೂ ಜಾಗ ಬಿಟ್ಟಿಲ್ಲ. ಬಿಟ್ಟಿರದ ಜಾಗದಲ್ಲಿ ಒತ್ತು ಬರೆಸಿ, ಕೆಳಗಿನ ಸಾಲಿಗೆ ತಾಗಿತೆಂದು ಎಷ್ಟು ಮಕ್ಕಳ ಅಂಕ ಕಳೆದಿದ್ದೇನೋ.

ಸರಿ, ನನಗೆ ಬೇಕಾದ ಗೆರೆ ನಾನೇ ಎಳೆದುಕೊಳ್ಳುತ್ತೇನೆ ಎಂದುಕೊಂಡೆ. ಅಳತೆಪಟ್ಟಿ ಹಿಡಿದು ಎಳೆಯಲು ಒಂದು ಕೈಗೆ ಆಗದು, ಒತ್ತಿ ಹಿಡಿದರೆ ಎಳೆಯುವ ಕೈ ಇಲ್ಲ. ತಂಗಿಯ ಮನೆಯಲ್ಲಿ ಕಾಲೇಜಿನ ಪ್ರಶ್ನೆಪತ್ರಿಕೆ ಟೈಪು ಮಾಡಲು ಇಟ್ಟುಕೊಂಡ ಹಳೆಯ ಕಂಪ್ಯೂಟರ್ ಇತ್ತು. ಶಾಲೆಯಲ್ಲಿ ನೋಟಿಸು ಟೈಪು ಮಾಡಿದಷ್ಟು ಮಾತ್ರ ನನಗೆ ಅದರ ಪರಿಚಯ. ಅವಳು ಆಫೀಸಿಗೆ ಹೋದ ಮೇಲೆ ಅದರ ಮುಂದೆ ಕೂತು ವರ್ಡ್ ತೆರೆದೆ.

ಮೊದಲು ಅಡಿಗೆರೆಯ ಕೀಲಿ ಒತ್ತಿ ಹಿಡಿದು ಸಾಲು ತುಂಬಿಸಿದೆ. ಅದಕ್ಕೆ ಎರಡು ಕೀಲಿ ಒಟ್ಟಿಗೆ ಒತ್ತಬೇಕು. ಎಡಗೈಯ ಹೆಬ್ಬೆರಳು ಒಂದರ ಮೇಲೆ, ತೋರುಬೆರಳು ಇನ್ನೊಂದರ ಮೇಲೆ. ಸಾಲು ತುದಿ ಮುಟ್ಟಿ ಕೆಳಗಿಳಿದು ಮುರಿಯಿತು. ಅಳಿಸಿದೆ. ಅಡ್ಡಗೆರೆಯ ಕೀಲಿ ಮೂರು ಸಲ ಒತ್ತಿ ಎಂಟರ್ ಹೊಡೆದಾಗ ತಾನಾಗಿಯೇ ಅಂಚಿನಿಂದ ಅಂಚಿಗೆ ಗೆರೆ ಬಂತು! ಹಾಗೇ ಇಪ್ಪತ್ತು ಗೆರೆ ಹೊಡೆದೆ. ಆದರೆ ನಡುವಿನ ಅಂತರ ನಾನು ಹೇಳಿದಂತೆ ಕೇಳಲಿಲ್ಲ. ಅದನ್ನೂ ಬಿಟ್ಟೆ.

ಮೂರನೇ ದಿನ ಟೇಬಲ್ಲಿನ ದಾರಿ ಸಿಕ್ಕಿತು. ಒಂದೇ ಕಾಲಮ್ಮು, ಬೇಕಾದಷ್ಟು ಸಾಲು. ಎಡಬಲದ ಅಂಚು ತೆಗೆದುಹಾಕಿದರೆ ಉಳಿಯುವುದು ಬರೀ ಅಡ್ಡಗೆರೆ. ಸಾಲಿನ ಎತ್ತರವನ್ನು ‘ಇಷ್ಟೇ’ ಎಂದು ಕಟ್ಟಿಹಾಕುವ ಗುಂಡಿಯೊಂದಿತ್ತು. ಅದನ್ನು ಹುಡುಕಲು ಒಂದು ಇಡೀ ಮಧ್ಯಾಹ್ನ ಹೋಯಿತು. ಹುಡುಕಿದ ಮೇಲೆ ಮೂರು ಮೂರು ಸಾಲಿನ ಗುಂಪು ಮಾಡಿದೆ. ಅಕ್ಷರದ ಮೈಗೆ ಹದಿನಾಲ್ಕು ಮಿಲಿಮೀಟರು, ಅದರ ಕೆಳಗೆ ಒತ್ತಿಗೆ ಎಂಟು, ಆಮೇಲೆ ಗೆರೆಯಿಲ್ಲದ ಖಾಲಿ ಜಾಗ. ತಲೆಕಟ್ಟು ತಾಗಬೇಕಾದ ಮೇಲಿನ ಗೆರೆ ಚುಕ್ಕಿ ಚುಕ್ಕಿ, ಅಕ್ಷರ ಕೂರಬೇಕಾದದ್ದು ಮಾತ್ರ ಗಟ್ಟಿ. ಕಪ್ಪು ಗೆರೆ ನನ್ನ ನಡುಗುವ ಅಕ್ಷರವನ್ನು ನುಂಗುತ್ತದೆಂದು ತಿಳಿಬೂದು ಮಾಡಿದೆ. ಒಂದು ಹಾಳೆಗೆ ಇಂಥ ಏಳು ಗುಂಪು ಹಿಡಿಸಿದವು.

ಸಂಜೆ ತಂಗಿ ಬಂದು ಪರದೆ ನೋಡಿ, ಇಡೀ ವಾರ ಮಾಡಿದ್ದು ಇದೇನಾ ಎಂದಳು. ಹೌದು, ಇದೇ ಎಂದೆ. ಅವಳು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು.

ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಗೆ ಗೋಡೆ ಹಿಡಿದು ನಡೆದು ಹೋದೆ. ಅಂಗಡಿಯಾತ ಫೈಲು ತೆರೆದು, ಇದರಲ್ಲಿ ಏನೂ ಬರೆದೇ ಇಲ್ಲವಲ್ಲ ಎಂದ. ಬರೆಯುವವಳು ನಾನು ಎಂದೆ.

“ಗೆರಿ ಹಾಕಿದ ಬುಕ್ಕು ಬೇಕಾದಷ್ಟು ಸಿಗ್ತಾವ್ರಿ ಅಮ್ಮಾ, ಸುಮ್ನ ಯಾಕ ಇದು?”

“ಅವು ಬ್ಯಾರೇರ ಕೈಗೆ ಹಾಕಿದ ಗೆರಿ.”

ಹಾಳೆಗಳನ್ನು ಅಲ್ಲೇ ಪಟ್ಟಿಯಿಟ್ಟು ಅಳೆದೆ. ಹದಿನಾಲ್ಕು ಇರಬೇಕಾದಲ್ಲಿ ಹದಿಮೂರೇ ಇತ್ತು, ಪ್ರಿಂಟರು ಪುಟವನ್ನು ಕುಗ್ಗಿಸಿತ್ತು. ಒಂದು ಮಿಲಿಮೀಟರಿಗೆ ಜಗಳ ಆಡುವವರನ್ನು ಇವತ್ತೇ ನೋಡಿದ್ದು ಎಂದು ಆತ ಗೊಣಗಿದ. ನಾನು ಕದಲಲಿಲ್ಲ. ಕುಗ್ಗಿಸದೆ ಮತ್ತೆ ತೆಗೆದುಕೊಟ್ಟ. ಮುಂದಿನ ಸಲ ಹೋದಾಗ ಅವನೇ ಪಟ್ಟಿ ತೆಗೆದು ಅಳೆದು ಕೊಡತೊಡಗಿದ್ದ.

ದಿನಕ್ಕೆ ನಾಲ್ಕು ಹಾಳೆ. ಹಾಳೆಯನ್ನು ಬಲಕ್ಕೆ ವಾಲಿಸಿ ಟೇಪು ಅಂಟಿಸಿಕೊಳ್ಳುತ್ತಿದ್ದೆ. ಎಡಗೈ ಬರೆದದ್ದರ ಮೇಲೇ ಹಾಯುವುದರಿಂದ ಇಂಕು ಪೆನ್ನು ಬಿಟ್ಟು ಬಾಲ್‌ಪೆನ್ನು ಹಿಡಿದೆ. ಮೊದಲ ತಿಂಗಳು ಬರೀ ಸ್ವರ. ಎರಡನೇ ತಿಂಗಳು ಕಾಗುಣಿತ. ಒತ್ತು ಶುರುವಾದದ್ದು ಮೂರನೇ ತಿಂಗಳು. ‘ಅಮ್ಮ’ ಎಂದು ಬರೆದಾಗ ಕೆಳಗಿನ ಎಂಟು ಮಿಲಿಮೀಟರಿನಲ್ಲಿ ಮಕಾರದ ಒತ್ತು ಕಾಲು ಚಾಚಿ ಕೂತಿತು. ಆ ಹಾಳೆಯನ್ನು ಯಜಮಾನರಿಗೆ ತೋರಿಸಿದೆ. ಅವರು ಪಾಳಿ ಮುಗಿಸಿ ಬೂದಿ ಬಣ್ಣದ ಬೂಟಿನಲ್ಲೇ ಬಂದಿದ್ದರು. ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಕುರುಗೋಡಿನಲ್ಲಿ ದೊಡ್ಡಮ್ಮನ ಮೊಮ್ಮಗಳ ಮದುವೆ ಬಂತು. ನಮ್ಮ ಕುಲದಲ್ಲಿ ಯಾರ ಮದುವೆಯಾದರೂ ಲಗ್ನಪತ್ರಿಕೆಯ ಲಕೋಟೆ ಬರೆಯುತ್ತಿದ್ದವಳು ನಾನು. ಅಕ್ಷರ ಮುತ್ತು ಎನ್ನುತ್ತಿದ್ದರು. ಈ ಸಲವೂ ಕರೆದರು. ಪಡಸಾಲೆಯಲ್ಲಿ ಚಾಪೆ ಹಾಕಿ ಆರೇಳು ಮಂದಿ ಸುತ್ತ ಕೂತಿದ್ದರು. ಲಕೋಟೆಯ ಕಟ್ಟು ನನ್ನ ಎಡಗಡೆಯ ಅಕ್ಕನಿಂದ ಬಲಗಡೆಯ ಅತ್ತಿಗೆಗೆ ನನ್ನ ಮಡಿಲ ಮೇಲಿಂದಲೇ ದಾಟಿ ಹೋಯಿತು. ಯಾರೂ ನನ್ನ ಮುಖ ನೋಡಲಿಲ್ಲ. ಅರಿಸಿನ ಹಚ್ಚುವ ಕೆಲಸ ನನಗೆ ಕೊಟ್ಟರು.

ನಾಲ್ಕು ಪತ್ರಿಕೆಗೆ ಅರಿಸಿನ ಹಚ್ಚಿದೆ. ಐದನೆಯದಕ್ಕೆ ಬೆರಳು ಒರೆಸಿಕೊಂಡು ಒಂದು ಲಕೋಟೆ ಎಳೆದುಕೊಂಡೆ. ರೂಪನಗುಡಿಯ ಸೋದರಮಾವನ ಮನೆಗೆ ಹೋಗಬೇಕಾದದ್ದು. ಗೆರೆ ಹಾಕಿದ ನನ್ನ ಹಾಳೆಯೊಂದನ್ನು ಲಕೋಟೆಯೊಳಗೆ ತೂರಿಸಿದೆ. ತೆಳು ಕಾಗದದ ಮೂಲಕ ಗೆರೆ ಮಸುಕಾಗಿ ಕಂಡಿತು. ವಿಳಾಸ ಬರೆದು ಮುಗಿಸುವಷ್ಟರಲ್ಲಿ ಉಳಿದವರು ಇಪ್ಪತ್ತು ಮುಗಿಸಿದ್ದರು. ಅತ್ತಿಗೆ ನನ್ನ ಲಕೋಟೆ ನೋಡಿ ಮೆತ್ತಗೆ, ಇದನ್ನು ಬೇರೆ ಬರೆದರಾಯಿತು ಎಂದು ಪಕ್ಕಕ್ಕಿಟ್ಟರು. ನಾನು ಕೈಚಾಚಿ ಅದನ್ನು ಕಟ್ಟಿನ ಮೇಲೆ ಇಟ್ಟೆ.

“ಇದು ಹಿಂಗ ಹೋಗ್ತೈತಿ.”

ಹೋಯಿತು. ಮದುವೆಗೆ ಬಂದ ಮಾವ ಎಲ್ಲರ ಮುಂದೆ, ನಮ್ಮ ಮನೆಯ ಪತ್ರಿಕೆ ಬರೆದ ಕೂಸು ಯಾವುದು, ಇನ್ನೂ ಶಾಲೆಗೆ ಹಾಕಿಲ್ಲವೇ ಎಂದು ಕೇಳಿದರು. ನಾನೇ ಮಾವ ಎಂದೆ. ಅವರ ಮುಖ ಸಣ್ಣದಾಯಿತು. ನನಗೆ ನಗು ಬಂತು. ವಿಳಾಸ ತಪ್ಪಿರಲಿಲ್ಲ, ಅದಕ್ಕಿಂತ ಹೆಚ್ಚು ಅಕ್ಷರ ಇನ್ನೇನು ಮಾಡಬೇಕು?

ಏಳನೇ ತಿಂಗಳು ಕೆಲಸಕ್ಕೆ ಹಾಜರಾಗುವ ಪತ್ರ ಬರೆಯಲು ಕೂತೆ. ಹೊಸ ಹಾಳೆ ಮಾಡಿದ್ದೆ, ಹದಿನಾಲ್ಕರ ಬದಲು ಒಂಬತ್ತು ಮಿಲಿಮೀಟರು. ಕಾಟ ಕೊಟ್ಟದ್ದು ಮೊದಲ ಪದವೇ: ಮುಖ್ಯೋಪಾಧ್ಯಾಯರಿಗೆ. ಎರಡು ಕಡೆ ಯಕಾರದ ಒತ್ತು, ಮೇಲಿಂದ ಓತ್ವದ ದೀರ್ಘ ಬೇರೆ. ಹನ್ನೊಂದು ಹಾಳೆ ಕೆಟ್ಟವು. ಹನ್ನೆರಡನೆಯದರಲ್ಲಿ ಪತ್ರ ಮುಗಿಯಿತು. ಕೆಳಗೆ ಎಡಗೈಯ ಸಹಿ. ಅದು ನನ್ನ ಹಳೆಯ ಸಹಿಯಂತಿರಲಿಲ್ಲ. ಇರಬೇಕೆಂದೂ ಅನಿಸಲಿಲ್ಲ.

ಸಿರುಗುಪ್ಪಕ್ಕೆ ಹೋಗಿ ಪತ್ರವನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು. ಸಹಿ ಆಫೀಸಿನ ಹಳೆಯ ಸಹಿಗೆ ಕೂಡುವುದಿಲ್ಲ ಎಂದರು. ಹೊಸ ಮಾದರಿ ಸಹಿ ಮಾಡಿಕೊಡುತ್ತೇನೆ ಎಂದೆ. ಗೆರೆ ಎಳೆದ ಹಾಳೆಯಲ್ಲಿ ಅರ್ಜಿ ಚೆನ್ನಾಗಿರುವುದಿಲ್ಲ ಎಂದರು.

“ಟೈಪ್ ಮಾಡಿಸ್ಕೊಂಡು ಬರ್ರಿ ಮೇಡಂ, ತಗೋತೀನಿ.”

“ಟೈಪ್ ಮಾಡಿದ್ದು ಯಾರದ್ದಾದರೂ ಆಗ್ತೈತಿ ಸರ್. ಇದು ನಂದು. ಇದನ್ನ ತಗೋರಿ.”

ಗೆರೆ ಹಾಳೆ ನಡೆಯುವುದಿಲ್ಲವೆಂಬ ನಿಯಮ ಇದ್ದರೆ ತೋರಿಸಿ ಎಂದು ಸೇರಿಸಿದೆ. ಗುಮಾಸ್ತರನ್ನು ಕರೆಸಿದರು. ಗುಮಾಸ್ತರು ಅಂಥದ್ದೇನೂ ತಾವು ಕಂಡಿಲ್ಲವೆಂದು ಹೇಳಿ ಸೀಲು ಒತ್ತಿದರು. ಹತ್ತನೇ ತರಗತಿ ಮಾತ್ರ ನನಗೆ ಸಿಗಲಿಲ್ಲ, ಎಂಟು ಮತ್ತು ಒಂಬತ್ತು ಕೊಟ್ಟರು. ಆ ವರ್ಷ ಅಷ್ಟಕ್ಕೇ ಒಪ್ಪಿದೆ. ಮರುವರ್ಷ ಹತ್ತನ್ನೂ ಕೇಳಿ ಪಡೆದೆ.

ಕಪ್ಪು ಹಲಗೆಗೆ ಗೆರೆ ಇರುವುದಿಲ್ಲ. ಮೊದಲ ದಿನ ಪಾಠದ ಹೆಸರು ಬರೆಯುವಾಗ ಅಕ್ಷರಗಳು ಗುಡ್ಡ ಹತ್ತಿದಂತೆ ಮೇಲೇರಿ ಹೋದವು. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ತಿರುಗಲಿಲ್ಲ, ಅಳಿಸಲೂ ಇಲ್ಲ, ಪೂರ್ತಿ ಬರೆದೇ ತಿರುಗಿದೆ. ಆಮೇಲೆ ಓದಿ ಎಂದೆ. ಓದಿದರು. ಒತ್ತು ಕೆಳಗಿನ ಸಾಲಿಗೆ ತಾಗಿದರೆ ನಾನೀಗ ಅಂಕ ಕಳೆಯುವುದಿಲ್ಲ.

ಈಗ ನನ್ನ ಫಿಸಿಯೋಥೆರಪಿಯ ಮೇಡಂ ತಮ್ಮಲ್ಲಿಗೆ ಬರುವ ಕೆಲವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಫೈಲು ಕೊಟ್ಟುಬಿಡಿ, ಎಲ್ಲರಿಗೂ ಹಂಚುತ್ತೇನೆ ಎಂದು ಅವರು ಕೇಳಿದ್ದುಂಟು. ಕೊಟ್ಟಿಲ್ಲ. ಬಂದವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಅವರವರ ಗೆರೆ ಅವರವರಿಂದಲೇ ಎಳೆಸುತ್ತೇನೆ. ಕಳೆದ ತಿಂಗಳು ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕು ಬಲಗೈಯ ಎರಡು ಬೆರಳು ಕಳೆದುಕೊಂಡವರೊಬ್ಬರು ಬಂದಿದ್ದರು. ನನಗಿಂತ ಹಿರಿಯರು, ತೆಲುಗು ಬೆರೆತ ಕನ್ನಡ. ಟೇಬಲ್ಲು ಹಾಕುವುದು ತೋರಿಸಿ, ಅನುಭವಸ್ಥಳ ಗತ್ತಿನಲ್ಲಿ ಹದಿನಾಲ್ಕು ಇಡಿ ಎಂದೆ. ಅವರು ತಲೆ ಅಲ್ಲಾಡಿಸಿದರು.

“ಅಷ್ಟ್ ಅಗಲ ನಂಗ್ ಬ್ಯಾಡ್ರಿ. ಹತ್ತು ಸಾಕು.”

ಈಗಲೇ ಹತ್ತು ಕಷ್ಟ, ಕೈ ಸೋಲುತ್ತದೆ ಎಂದೆ. ಕೈ ನನ್ನದು ಎಂದರು. ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಂದೇ ಬೆರಳಿನಿಂದ, ನನ್ನನ್ನು ಕೇಳದೆ, ಹತ್ತು ಎಂದು ಒತ್ತಿ ಎಂಟರ್ ಹೊಡೆದರು. ನಾನು ಕುರ್ಚಿ ಹಿಂದಕ್ಕೆ ಸರಿಸಿಕೊಂಡು ಅವರಿಗೆ ಜಾಗ ಬಿಟ್ಟೆ.