ತಿನ್ನದ ಚಿಗಳಿ

ಕೊತ್ತಗೆರೆಯ ನಮ್ಮ ಬೀದಿಗೆ ಮೊಬೈಲು ಆಗಷ್ಟೇ ಕಾಲಿಟ್ಟಿದ್ದ ದಿನಗಳವು. ಆದರೂ ಕೊನೆಮನೆಯ ಒಂಟಿ ಹೆಂಗಸು ಪುಟ್ಟಮ್ಮ ಉಗುರಿನ ಸಂದಿಯಿಂದ ತಿಂಡಿಗೆ ಮದ್ದು ಹಾಕುತ್ತಾಳೆ, ತಿಂದವರು ಸೊರಗಿ ಸೊರಗಿ ಸಾಯುತ್ತಾರೆ ಎಂಬ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಕುಂಟೆಬಿಲ್ಲೆ ಆಡುವಾಗ ಬಿಲ್ಲೆ ಅವಳ ಜಗಲಿಗೆ ಹಾರಿದರೆ ನಾವು ಬೇರೆ ಬಿಲ್ಲೆ ಹುಡುಕುತ್ತಿದ್ದೆವು. ಅವಳು ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಕಟ್ಟುವ ಘಮ ಬಂದರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ.

ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನನಗೆ ಹೊಟ್ಟೆನೋವು ಹಿಡಿಯಿತು. ಮುದ್ದೆ ಕಂಡರೆ ವಾಕರಿಕೆ.

"ಆ ಪುಟ್ಟಮ್ಮನ್ ಮನೇಲಿ ಚಿಗಳಿ ತಿಂದ್ಯೇನೇ? ನಿಜ ಹೇಳು" ಎಂದಳು ಅಜ್ಜಿ.

"ದೇವ್ರಾಣೆ ಇಲ್ಲ ಕಣಜ್ಜಿ."

ಅಜ್ಜಿ ನಂಬಲಿಲ್ಲ. ಗುಬ್ಬಿ ಕಡೆ ಮದ್ದು ತೆಗೆಯುವವನೊಬ್ಬನ ಬಳಿ ಕರೆದೊಯ್ದು ತನ್ನ ಗುಮಾನಿಯನ್ನೆಲ್ಲ ಹೇಳಿದಳು. ಅವನು ಕಹಿಸೊಪ್ಪಿನ ರಸ ಕುಡಿಸಿ ನನ್ನನ್ನು ವಾಂತಿ ಮಾಡಿಸಿದ. ಅದರಲ್ಲಿ ಬೆರಳಾಡಿಸಿ, ಕೂದಲು ಸುತ್ತಿದ ಕಪ್ಪು ಗಂಟೊಂದನ್ನು ಎತ್ತಿ ಹಿಡಿದ. "ನೋಡಮ್ಮ, ಚಿಗಳೀಲೇ ಇಕ್ಕವ್ಳೆ!"

ಅಜ್ಜಿ ಕೈಮುಗಿದಳು. ನಾನು ಗಂಟನ್ನೇ ನೋಡಿದೆ. ಅದು ಒಣಗಿತ್ತು.

ಬಸ್ಸಿನಲ್ಲಿ ಕೇಳಿದೆ: "ನಾನು ತಿನ್ನದೇ ಇದ್ರೆ ಹೊಟ್ಟೆಗೆ ಹೆಂಗ್ ಬಂತಜ್ಜಿ?"

"ಗಾಳೀಲೂ ಬರ್ತದೆ. ಬುಡು, ಸುಮ್ಕಿರು."

ಅಜ್ಜಿಯ ಮಡಿಲಿನಿಂದ ತಲೆಯೆತ್ತಿ ಕಿಟಕಿಗೆ ಒರಗಿದೆ.

ನೋವು ಮಾತ್ರ ನಿಲ್ಲಲಿಲ್ಲ. ಅಪ್ಪ ತುಮಕೂರಿನ ಡಾಕ್ಟರಿಗೆ ತೋರಿಸಿದರು. ಅವರು ಜಂತುಹುಳಕ್ಕೆ ಮಾತ್ರೆ ಕೊಟ್ಟರು. ಮುದ್ದೆ ಮತ್ತೆ ರುಚಿಸತೊಡಗಿತು. ಅಜ್ಜಿ ಎಲ್ಲರ ಮುಂದೆ ಗುಬ್ಬಿಯವನ ಗುಣಗಾನವನ್ನೇ ಮಾಡಿದಳು.

ಒಂದು ಮಧ್ಯಾಹ್ನ ಪುಟ್ಟಮ್ಮನ ಜಗಲಿ ಹತ್ತಿದೆ. ಭಯ ಪೂರ್ತಿ ಹೋಗಿರಲಿಲ್ಲ. ಅವಳ ಉಗುರುಗಳನ್ನೇ ನೋಡುತ್ತ, "ಚಿಗಳಿ ಐತಾ?" ಎಂದೆ.

ಅವಳು ಬೀದಿಯ ಎರಡೂ ಕಡೆ ಕಣ್ಣು ಹಾಯಿಸಿದಳು. "ಯಾರವ್ವ ಕಳ್ಸಿದ್ದು ನಿನ್ನ?"

ಅವಳಿಗೂ ನನ್ನ ಮೇಲೆ ಗುಮಾನಿ.

"ಯಾರೂ ಇಲ್ಲ. ನಾನೇ ಬಂದೆ."

ಒಳಗಿನಿಂದ ಒಂದು ಚಿಗಳಿ ತಂದಳು. ಮುರಿದು, ಅರ್ಧ ತಾನು ತಿಂದು ನುಂಗಿ, ಬಾಯಿ ತೆರೆದು ತೋರಿಸಿದಳು. ಆಮೇಲೆ ಉಳಿದರ್ಧವನ್ನು ನನ್ನ ಕೈಗಿಟ್ಟಳು. ಏಲಕ್ಕಿ, ಬೆಲ್ಲ, ತುಸು ಸೀದ ಎಳ್ಳು. ಅಂದು ಸಂಜೆಯವರೆಗೂ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಏನೂ ಆಗಲಿಲ್ಲ. ರಜೆ ಮುಗಿಯುವಷ್ಟರಲ್ಲಿ ಹೊಟ್ಟೆ ಮುಟ್ಟಿಕೊಳ್ಳುವುದನ್ನೂ ಬಿಟ್ಟಿದ್ದೆ.

ಹಿರಿಯರ ಮಾತಿಗೆ ಕಣ್ಣುಮುಚ್ಚಿ ಒರಗುವ ಸುಖ ಆ ಬೇಸಿಗೆಗೇ ಮುಗಿಯಿತು. ಅದಕ್ಕೆ ನನಗೆ ಹೆಚ್ಚು ಬೇಸರವಿಲ್ಲ. ಈಗ ಅಜ್ಜಿಯೂ ಇಲ್ಲ, ಪುಟ್ಟಮ್ಮನೂ ಇಲ್ಲ. ಈಚೆಗೆ ಊರಿಗೆ ಹೋದಾಗ, ಪುಟ್ಟಮ್ಮನ ಕೈಯಡುಗೆ ನೆನಪಿದೆಯಾ ಎಂದು ಬೀದಿಯವರನ್ನು ಕೇಳಿದೆ. ಜೀವಮಾನವಿಡೀ ಅವಳ ಪಕ್ಕದಲ್ಲೇ ಬಾಳಿದವರಲ್ಲಿ ಅದನ್ನು ತಿಂದವರು ಒಬ್ಬರೂ ಇರಲಿಲ್ಲ.