ಹದಿನೈದು ನಿಮಿಷದ ದೈನ್ಯ

ಪ್ರಾರ್ಥನೆ ಮಾಡುವಾಗ ನಾನು ಒಂದು ಕಣ್ಣನ್ನು ಅರ್ಧ ತೆರೆದಿಟ್ಟಿರುತ್ತೇನೆ. ದೇವರನ್ನು ಕಾಣಲು ಅಲ್ಲ, ಕೇಳುತ್ತಿರುವವರ ಮುಖ ನೋಡಲು. ಈ ಚಟ ನನ್ನ ಹೆಂಡತಿಗೆ ಗೊತ್ತು, ದೇವರಿಗೂ ಗೊತ್ತಿರಬೇಕು. ಇಬ್ಬರೂ ಇಷ್ಟು ವರ್ಷ ಸಹಿಸಿಕೊಂಡಿದ್ದಾರೆ.

ನಾನು ಕೊಳ್ಳೇಗಾಲದ ಕಡೆಯ ಕ್ರೈಸ್ತ. ನೂಲಿನ ಗಿರಣಿಯ ಕೆಲಸಕ್ಕೆಂದು ತಮಿಳು ಸೀಮೆಯ ಸಿಂಗಾನಲ್ಲೂರಿಗೆ ಬಂದು ಇಲ್ಲೇ ಉಳಿದವನು. ನಮ್ಮ ಸಭೆಯವರು ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಜೆಬಕೂಟಕ್ಕೆ, ಎಂದರೆ ಪ್ರಾರ್ಥನೆಗೆ, ಸೇರುತ್ತೇವೆ. ಸುತ್ತ ಕುಳಿತವರು ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟು ಬೇಡಿಕೊಳ್ಳಬೇಕು, ಅವರವರ ಮನೆಮಾತಿನಲ್ಲಿ. ನನ್ನೊಬ್ಬನನ್ನು ಬಿಟ್ಟರೆ, ನನ್ನ ಹೆಂಡತಿಯೂ ಸೇರಿ, ಎಲ್ಲರೂ ತಮಿಳರು. ಹೀಗಾಗಿ ನನ್ನ ಕನ್ನಡಕ್ಕೆ ಅಲ್ಲಿ ಪರೀಕ್ಷಕರೇ ಇಲ್ಲ! "ಕರುಣಾಸಾಗರನೇ" ಎಂದು ಹೊರಟರೆ ಸಕಲ ಚರಾಚರಗಳನ್ನೂ ಸಮಸ್ತ ರಾಷ್ಟ್ರಗಳನ್ನೂ ಸುತ್ತಿಕೊಂಡು ಬರಲು ಹದಿನೈದು ನಿಮಿಷ ಬೇಕು. ಅರ್ಥವಾಗದಿದ್ದಷ್ಟೂ ಜನ ಭಕ್ತಿಯಿಂದ "ಸ್ತೋತ್ರಂ, ಸ್ತೋತ್ರಂ" ಎನ್ನುತ್ತಿದ್ದರು. ನನ್ನ ಪ್ರಾರ್ಥನೆ ಕೇಳಿದರೆ ಮೈ ಜುಮ್ಮೆನ್ನುತ್ತದೆ ಎಂದು ಒಬ್ಬರು ಹೇಳಿದ ಮೇಲಂತೂ ನನ್ನ ದೈನ್ಯಕ್ಕೆ ರೆಕ್ಕೆ ಮೂಡಿತು.

ದೈನ್ಯ ಬಹಳ ನಾಜೂಕಿನ ವಸ್ತು. "ನಾನು ಧೂಳು, ನಾನು ಹುಳು" ಎಂದು ಪ್ರತಿ ಶುಕ್ರವಾರ ಗದ್ಗದನಾಗಿ ಹೇಳುತ್ತೇನೆ. ಅದೇ ಮಾತನ್ನು ಪಕ್ಕದಲ್ಲಿ ಕುಳಿತವರು ನನ್ನ ಬಗ್ಗೆ ಹೇಳಿದರೆ ಮುಂದಿನ ವಾರದಿಂದ ಆ ಮನೆಯ ಹೊಸಿಲು ತುಳಿಯುವುದಿಲ್ಲ. ಎಲ್ಲರಿಗಿಂತ ವಿನಯವಂತ ಯಾರೆಂದು ಸಭೆಯಲ್ಲಿ ಕೇಳಿದ್ದರೆ ನಾನೇ ಮೊದಲು ಕೈಯೆತ್ತುತ್ತಿದ್ದೆನೇನೋ.

ಹೀಗಿರುವಾಗ ಒಂದು ಶುಕ್ರವಾರ ಸರೋಜಮ್ಮ ಬಂದರು. ನಮ್ಮ ಹಿಂದಿನ ಬೀದಿಯವರು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಕಾರ ಕುಟುಂಬ, ಮನೆಯೊಳಗೆ ಮಾತ್ರ ಕನ್ನಡ. ಅವರ ಗಂಡ ರಾಮಲಿಂಗಂ ಪಲ್ಲಡದ ವಿದ್ಯುತ್ ಮಗ್ಗದಲ್ಲಿ ಕೆಲಸಕ್ಕಿದ್ದರು. ಬಲಗೈ ಮಗ್ಗಕ್ಕೆ ಸಿಕ್ಕಿತ್ತು, ಮರುದಿನ ಬೆಳಿಗ್ಗೆ ಆಪರೇಷನ್. ಬೆರಳು ಮತ್ತೆ ಮಡಚುತ್ತದೋ ಇಲ್ಲವೋ ಡಾಕ್ಟರು ಹೇಳಿರಲಿಲ್ಲ. ತಮ್ಮ ದೇವರಿಗೆಲ್ಲ ಹರಕೆ ಹೊತ್ತು, ಒಂದೂ ಬಿಟ್ಟುಹೋಗದಿರಲೆಂದು ಇಲ್ಲಿಗೂ ಬಂದಿದ್ದರು. ನಮ್ಮ ಹೆಂಗಸರನ್ನು ನೋಡಿ ತಾವೂ ತಲೆಗೆ ಸೆರಗು ಹೊದ್ದರು.

"ಕನ್ನಡದವರು, ನೀವೇ ಜೆಬಂ ಮಾಡಿ" ಎಂದರು ಮನೆಯೊಡತಿ. ಮೊದಲ ಸಲ ನನ್ನ ಭಾಷೆ ತಿಳಿಯುವ ಕಿವಿ ಸಿಕ್ಕಿತ್ತು. ಬಿಡುತ್ತೇನೆಯೇ? ಅಂದು ಸಾಗರಗಳ ಜೊತೆ ಪರ್ವತಗಳೂ ಬಂದವು. ನನ್ನ ಸ್ವರಕ್ಕೆ ನನಗೇ ಕಣ್ಣೀರು ಬಂತು. ಕೊನೆಗೆ ಆಮೆನ್ ಎಂದು, ಕರವಸ್ತ್ರದಿಂದ ಮುಖ ಒರೆಸಿಕೊಂಡು, ಹೊಗಳಿಕೆಗೆ ಅನುಕೂಲವಾಗುವಂತೆ ತಲೆ ತಗ್ಗಿಸಿ ಕುಳಿತೆ.

"ಸಾರ್," ಎಂದರು ಸರೋಜಮ್ಮ, "ಇಷ್ಟೊತ್ತು ಸಾಮಿಗೆ ಎಲ್ಲಾ ಹೇಳಿದ್ರಿ. ನಮ್ಮೋರ ಪೇರು ಬರ್ಲೇ ಇಲ್ವೇ? ಈಗ ಬರ್ತದೆ, ಈಗ ಬರ್ತದೆ ಅಂತ ಕಾಯ್ತಾನೇ ಇದ್ದೆ."

ನಿಜ. ರಾಮಲಿಂಗಂ ಅವರ ಹೆಸರನ್ನೇ ಪೂರ್ತಿ ಮರೆತಿದ್ದೆ. ಕೈಯನ್ನೂ ಮರೆತಿದ್ದೆ. ನನ್ನ ಕನ್ನಡ ಯಾರಿಗೂ ತಿಳಿಯದ ಆ ಕೋಣೆಯಲ್ಲಿ ಆಕೆಯ ಕನ್ನಡ ಎಲ್ಲರಿಗೂ ತಿಳಿಯಿತು. ನಾಚಿಕೆಯಿಂದ ಕುಸಿದುಹೋದೆ.

"ಪರ್ವಾಯಿಲ್ಲ ಸಾರ್," ಎಂದು ಅವರೇ ಸಮಾಧಾನ ಮಾಡಿದರು. "ಇನ್ನೊಂದು ತಡವೆ ಕೇಳಿ. ಕೊಂಜ ಸಣ್ಣದಾಗಿ."

ಇನ್ನೊಂದು ಸಲ ಬಾಯಿ ತೆರೆದೆ, ಸ್ವಲ್ಪ ಸಣ್ಣದಾಗಿ. "ಕರ್ತನೇ, ರಾಮಲಿಂಗಂ ಅವರ ಕೈ..." ಎಂದೆ. ಮುಂದಕ್ಕೆ ಒಂದು ಶಬ್ದವೂ ಸಿಗಲಿಲ್ಲ. ಈ ಸಲ ಎರಡೂ ಕಣ್ಣು ನಿಜವಾಗಿ ಮುಚ್ಚಿದ್ದವು.

"...ಸರಿ ಮಾಡಪ್ಪಾ," ಎಂದು ಸರೋಜಮ್ಮನೇ ಮುಗಿಸಿದರು. ಎಲ್ಲರೂ ಆಮೆನ್ ಎಂದರು.

ಕೈ ಉಳಿಯಿತು. ಕಿರುಬೆರಳೊಂದು ಸೆಟೆದುಕೊಂಡಿದೆ, ಮಿಕ್ಕವು ಮಡಚುತ್ತವೆ. ರಾಮಲಿಂಗಂ ಮತ್ತೆ ಪಲ್ಲಡದ ಬಸ್ಸು ಹತ್ತುತ್ತಿದ್ದಾರೆ. ಎಲ್ಲ ಸರೋಜಮ್ಮನ ಪ್ರಾರ್ಥನೆಯ ಫಲ ಎಂದು ಸಭೆಯವರು ಹೇಳುವಾಗ ನಾನೂ ತಲೆಯಾಡಿಸುತ್ತೇನೆ. ಆದರೆ ಆ ಪ್ರಾರ್ಥನೆಯ ಮೊದಲರ್ಧ ನನ್ನದು ಎಂದು ಹೇಳಿಬಿಡುವ ಆಸೆ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಅದನ್ನು ನುಂಗುವ ಶಕ್ತಿ ಕೊಡೆಂದು ಈಗೀಗ ದಿನಾ ಬೇಡುತ್ತಿದ್ದೇನೆ, ಸಣ್ಣದಾಗಿ.